ಮೊಬೈಲಿನ ಉಸ್ತಾದರಿಗೆ ನಿಮ್ಮ ಮಗನ ವಯಸ್ಸು ಗೊತ್ತೇ?

ಹದಿನಾಲ್ಕು, ಹದಿನೈದು ತುಂಬಿದ ಹುಡುಗ ಕನ್ನಡಿಯ ಮುಂದೆ ನಿಂತು ತೋಳು ಮಡಚಿ ನೋಡಿಕೊಳ್ಳುವುದು ಹೊಸತೇನೂ ಅಲ್ಲ. ನಮ್ಮ ತಂದೆ, ಅಜ್ಜಂದಿರ ಕಾಲದ ಹುಡುಗರೂ ಪೈಲ್ವಾನರನ್ನು ನೋಡಿ ಹಾಗೆಯೇ ಮಾಡುತ್ತಿದ್ದರು. ಆದರೆ ಗರಡಿಮನೆಯಲ್ಲಿ ಒಬ್ಬ ಉಸ್ತಾದ್ ಇರುತ್ತಿದ್ದರು. ಹುಡುಗ ಯಾರ ಮನೆಯವನು, ಏನು ಉಣ್ಣುತ್ತಾನೆ, ಎಷ್ಟು ತಾಳಿಕೊಳ್ಳಬಲ್ಲ ಎಂಬುದು ಅವರಿಗೆ ಗೊತ್ತಿತ್ತು. ಎಷ್ಟು ದಂಡ, ಎಷ್ಟು ಬಸ್ಕಿ, ಎಲ್ಲಿ ನಿಲ್ಲಿಸಬೇಕು ಎಂದು ಅವರೇ ಹೇಳುತ್ತಿದ್ದರು. ಇಂದು ಆ ಜಾಗಕ್ಕೆ ಮೊಬೈಲ್ ಬಂದಿದೆ. ಅದರಲ್ಲಿ ಸಾವಿರಾರು ಉಸ್ತಾದರಿದ್ದಾರೆ. ನಿಮ್ಮ ಮಗನ ವಯಸ್ಸು ಎಷ್ಟೆಂದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಇದಕ್ಕೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪರಿಹಾರಗಳಿವೆ. ಒಂದು, ಬೈದು ಮೊಬೈಲ್ ಕಿತ್ತುಕೊಳ್ಳುವುದು. ಇನ್ನೊಂದು, ಹಟ ತಾಳಲಾರದೆ ಅವನು ಕೇಳಿದ ಪ್ರೋಟೀನ್ ಡಬ್ಬಿ ತಂದುಕೊಡುವುದು. ಎರಡರಿಂದಲೂ ಮಗು ಏನನ್ನೂ ಕಲಿಯುವುದಿಲ್ಲ. ಮೊಬೈಲ್ ಕಿತ್ತುಕೊಂಡರೆ ಗೆಳೆಯನ ಮೊಬೈಲಿನಲ್ಲಿ ನೋಡುತ್ತಾನೆ. ನೋಡಿದ್ದನ್ನು ತೂಗಿ ನೋಡುವ ಬುದ್ಧಿಯನ್ನು ನಾವು ಮಕ್ಕಳಿಗೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಮೊದಲು ನಮ್ಮ ತಪ್ಪು ತಿಳಿವಳಿಕೆಗಳನ್ನೂ ಬಿಡಬೇಕು.

ವ್ಯಾಯಾಮ ಬೇಕೇ ಬೇಕು

ಕಸರತ್ತು ಮಾಡುತ್ತೇನೆ ಎನ್ನುವ ಮಗನನ್ನು ತಡೆಯಬೇಡಿ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಂತೆ ಓಡಾಡಬೇಕು, ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಎಲುಬನ್ನು ಗಟ್ಟಿಗೊಳಿಸುವ ಚಟುವಟಿಕೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇದು ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಭಾರ ಎತ್ತಿದರೆ ಕುಳ್ಳಗಾಗುತ್ತಾರೆ ಎಂಬ ಹಿರಿಯರ ಮಾತಿಗೆ ಆಧಾರವಿಲ್ಲ. ತಿಳಿದವರ ಕಣ್ಣಳತೆಯಲ್ಲಿ, ಹಗುರ ತೂಕದಿಂದ ಆರಂಭಿಸಿ, ಸರಿಯಾದ ಕ್ರಮದಲ್ಲಿ ಮಾಡಿದರೆ ಹದಿಹರೆಯದವರಿಗೂ ಅದು ಒಳ್ಳೆಯದೇ.

ಯುನಾನಿ ವೈದ್ಯಪದ್ಧತಿ ವ್ಯಾಯಾಮವನ್ನು ರಿಯಾಝತ್ ಎಂದು ಕರೆಯುತ್ತದೆ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿಯೂ ಒಂದು. ಈ ಎರಡನ್ನೂ ಜೊತೆಗಿಟ್ಟೇ ಹೇಳಿರುವುದನ್ನು ಗಮನಿಸಿ. ವಯಸ್ಸು, ಮಿಝಾಜ್, ಹವಾಮಾನ ನೋಡಿಯೇ ರಿಯಾಝತ್ ನಿರ್ಧರಿಸಬೇಕು. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಹಿತವಾಗಬೇಕೆಂದಿಲ್ಲ. ಎಲ್ಲರಿಗೂ ಒಂದೇ ಪಟ್ಟಿ ಹಂಚುವ ವಿಡಿಯೊಗಳು ಎಡವುವುದು ಇಲ್ಲಿಯೇ.

ಕೇಳಬೇಕಾದ ಮೂರು ಪ್ರಶ್ನೆಗಳು

ಹೇಳುತ್ತಿರುವವರು ಯಾರು? ದೊಡ್ಡ ತೋಳು ಇರುವುದು ಅರ್ಹತೆಯಲ್ಲ. ವೈದ್ಯರು, ಆರೋಗ್ಯ ಅಥವಾ ಫಿಟ್‌ನೆಸ್ ತಜ್ಞರು ಎಂದು ಹೇಳಿಕೊಂಡು ಮಾತನಾಡುವವರು ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರ ತಮಗಿದೆ ಎಂಬುದನ್ನು ತಿಳಿಸಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅಂಥ ವಿವರ ಕಾಣದಿದ್ದರೆ ಆ ಸಲಹೆಯನ್ನು ದಾರಿಹೋಕರ ಮಾತಿನಂತೆ ಪರಿಗಣಿಸಿದರೆ ಸಾಕು.

ಅವರು ಏನನ್ನು ಮಾರುತ್ತಿದ್ದಾರೆ? ಅಮೆರಿಕದ ಬ್ರಯಾನ್ ಜಾನ್ಸನ್ ಎಂಬವರು ‘ಲಿವರ್ ಕಿಂಗ್’ ಎಂಬ ಹೆಸರಿನಲ್ಲಿ ಲಕ್ಷಾಂತರ ಹಿಂಬಾಲಕರನ್ನು ಗಳಿಸಿದ್ದರು. ಹಸಿ ಲಿವರ್ ತಿಂದು ಪೂರ್ವಜರಂತೆ ಬದುಕುವುದೇ ತನ್ನ ಮೈಕಟ್ಟಿನ ಗುಟ್ಟು ಎನ್ನುತ್ತಿದ್ದರು. ಜೊತೆಗೆ ಅದೇ ಬಗೆಯ ಸಪ್ಲಿಮೆಂಟ್‌ಗಳ ವ್ಯಾಪಾರವೂ ಇತ್ತು. ಸ್ಟಿರಾಯ್ಡ್ ಮುಟ್ಟಿಲ್ಲ ಎಂದು ಹೇಳುತ್ತಾ ಬಂದವರು 2022ರ ಡಿಸೆಂಬರ್‌ನಲ್ಲಿ ತಾನು ಸ್ಟಿರಾಯ್ಡ್ ಬಳಸುತ್ತಿದ್ದೇನೆಂದು ವಿಡಿಯೊ ಮಾಡಿ ಒಪ್ಪಿಕೊಂಡರು. ಅಷ್ಟರೊಳಗೆ ಎಷ್ಟು ಹುಡುಗರು ಅವರನ್ನು ನಂಬಿ ಹಸಿ ಲಿವರ್ ತಿಂದಿದ್ದರೋ! ವಿಡಿಯೊದ ಕೊನೆಯಲ್ಲಿ ರಿಯಾಯಿತಿ ಕೋಡ್ ಬಂದರೆ ಅದು ಜಾಹೀರಾತು ಎಂದು ಮಗುವಿಗೆ ಗುರುತಿಸಲು ಕಲಿಸಿ.

ಇದನ್ನು ನನ್ನ ವಯಸ್ಸಿಗೆ ಹೇಳಿದ್ದೇ? ಮೂರರಲ್ಲಿ ಇದೇ ದೊಡ್ಡ ಪ್ರಶ್ನೆ. ಈ ವಿಡಿಯೊಗಳಲ್ಲಿ ಹೆಚ್ಚಿನವು ಬೆಳೆದು ನಿಂತ ದೇಹಗಳಿಗಾಗಿ ಮಾಡಿದವು. ನಿಮ್ಮ ಮಗನ ಎಲುಬುಗಳ ತುದಿಯಲ್ಲಿ ಬೆಳವಣಿಗೆಗೆ ಕಾರಣವಾದ ಮೆದು ಪದರ ಇನ್ನೂ ತೆರೆದಿದೆ. ಸ್ನಾಯು ಬೆಳೆಸಲು ಬಳಸುವ ಸ್ಟಿರಾಯ್ಡ್‌ಗಳು ಆ ಪದರವನ್ನು ಅವಧಿಗೆ ಮುನ್ನವೇ ಮುಚ್ಚಿಬಿಡಬಲ್ಲವು. ಆಮೇಲೆ ಎತ್ತರ ಬೆಳೆಯುವುದಿಲ್ಲ, ಯಾವ ವೈದ್ಯರಿಂದಲೂ ಅದನ್ನು ಸರಿಪಡಿಸಲಾಗದು. ಲಿವರಿಗೆ ಹಾನಿ, ವೃಷಣ ಕುಗ್ಗುವುದು, ಹುಡುಗರಲ್ಲಿ ಎದೆ ಉಬ್ಬುವುದು, ಮುಖದ ತುಂಬ ಮೊಡವೆ, ಕಾರಣವಿಲ್ಲದ ಸಿಟ್ಟು ಇವೂ ಬೆನ್ನಿಗೆ ಬರುತ್ತವೆ. ಜಿಮ್‌ನಲ್ಲಿ ಯಾರಾದರೂ ಹೆಸರಿಲ್ಲದ ಮಾತ್ರೆ, ಇಂಜೆಕ್ಷನ್ ಕೊಡಲು ಬಂದರೆ ಮಗ ಅಂದೇ ಮನೆಗೆ ಬಂದು ಹೇಳುವಷ್ಟು ಸಲುಗೆ ನಿಮ್ಮ ನಡುವೆ ಇರಲಿ.

ಡಬ್ಬಿಗಿಂತ ಅಡುಗೆಮನೆ ಮೇಲು

ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿವೆ. ಲೆಕ್ಕ ಹಾಕಿ ನೋಡಿ. 16ರಿಂದ 18 ವರ್ಷದ ಹುಡುಗನಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಸುಮಾರು 55 ಗ್ರಾಂ. ಎರಡು ಮೊಟ್ಟೆಯಲ್ಲಿ 12, ಒಂದು ದೊಡ್ಡ ಲೋಟ ಹಾಲಿನಲ್ಲಿ 8, ಬೇಯಿಸಿದ 100 ಗ್ರಾಂ ಕೋಳಿಮಾಂಸದಲ್ಲಿ ಸುಮಾರು 25 ಗ್ರಾಂ ಇದೆ. ಎರಡು ಬಟ್ಟಲು ದಾಲ್, ಚಪಾತಿ, ಅನ್ನ ಸೇರಿದರೆ ಅಗತ್ಯಕ್ಕಿಂತ ಹೆಚ್ಚೇ ಆಯಿತು. ಮಾಂಸವಿಲ್ಲದ ದಿನ ಮೀನು, ಕಡಲೆ, ಹೆಸರುಕಾಳು, ನೆಲಗಡಲೆ, ಮೊಸರು ಇದ್ದೇ ಇವೆ. ಆ ಡಬ್ಬಿಯ ದುಡ್ಡಿಗೆ ಮನೆಮಂದಿಗೆಲ್ಲ ಮೊಟ್ಟೆ ತರಬಹುದು.

ಡಬ್ಬಿಯ ಮೇಲೆ ಹಲಾಲ್ ಎಂದು ಬರೆದಿದೆ, ಇನ್ನೇನು ಚಿಂತೆ ಎಂದು ಕೆಲವರು ಕೇಳುತ್ತಾರೆ. ಹಲಾಲ್ ಗುರುತು ಪದಾರ್ಥದ ಮೂಲದ ಬಗ್ಗೆ ಹೇಳುತ್ತದೆ. ಕ್ಯಾಪ್ಸೂಲಿನ ಜೆಲಾಟಿನ್ ಎಲ್ಲಿಂದ ಬಂತೆಂದು ನೋಡುವುದು ಸರಿಯೇ. ಆದರೆ ಹದಿನೈದರ ಹುಡುಗನಿಗೆ ಅದು ಬೇಕೇ, ಹಿತವೇ ಎಂಬುದನ್ನು ಆ ಗುರುತು ಹೇಳುವುದಿಲ್ಲ.

ಯುನಾನಿ ಓದಿದ ನಾನು ನಮ್ಮವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಕೀಮರ ಹೆಸರಿನಲ್ಲಿ, ಹಸಿರು ಚೀಟಿ ಅಂಟಿಸಿ ಮಾರುವುದೆಲ್ಲ ಯುನಾನಿಯಲ್ಲ. ಎತ್ತರ ಹೆಚ್ಚಿಸುವ, ಬೊಜ್ಜು ಇಳಿಸುವ ಔಷಧಗಳ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯೇ ನಿಷೇಧಿಸಿದೆ. ಹಾಗಾಗಿ ಅಂಥ ಜಾಹೀರಾತು ಕಂಡರೆ ಅದನ್ನು ಕೊಟ್ಟವರು ಕಾನೂನಿಗೇ ಬೆಲೆ ಕೊಡದವರು ಎಂದು ತಿಳಿಯಿರಿ. ಮಅಜೂನ್ ಆಗಲಿ, ಪುಡಿಯಾಗಲಿ, ತಯಾರಕರ ಹೆಸರು ಮತ್ತು ಪರವಾನಗಿ ಸಂಖ್ಯೆ ಇಲ್ಲದ್ದು ಮನೆಗೆ ಬರುವುದು ಬೇಡ.

ಹೆಣ್ಣುಮಕ್ಕಳ ಮಾತು

ಹುಡುಗರಿಗೆ ಮೈ ಬೆಳೆಸುವ ಆಸೆ ಹುಟ್ಟಿಸಿದರೆ, ಹುಡುಗಿಯರಿಗೆ ಮೈ ಕರಗಿಸುವ ಆಸೆ ಹುಟ್ಟಿಸುತ್ತಾರೆ. ದಿನಕ್ಕೆ 1200 ಕ್ಯಾಲೊರಿ ಎಂಬ ಡಯಟ್ ಪಟ್ಟಿಗಳು ಕೈಯಿಂದ ಕೈಗೆ ಹರಿದಾಡುತ್ತವೆ. 13ರಿಂದ 18ರ ಹುಡುಗಿಗೆ ಬೇಕಾದದ್ದು ಸುಮಾರು 2400ರಿಂದ 2500 ಕ್ಯಾಲೊರಿ, ಎಂದರೆ ಅದರ ಎರಡು ಪಾಲು. ನಮ್ಮ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. ಅಂಥವಳು ಊಟ ಬಿಟ್ಟರೆ ಕರಗುವುದು ಬರೀ ಕೊಬ್ಬಲ್ಲ. ಊಟದ ಹೊತ್ತಿಗೆ ನೆಪ ಹೇಳುವುದು, ಕೂದಲು ಉದುರುವುದು, ತಲೆಸುತ್ತು, ಮುಟ್ಟು ತಪ್ಪುವುದು ಕಂಡರೆ ತಾಯಂದಿರು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅವಳ ಮೈ ಬಗ್ಗೆ ಮದುವೆಮನೆಗಳಲ್ಲಿ ತಮಾಷೆಯಾಡುವ ಹಿರಿಯರು ಬಾಯಿಗೆ ಬೀಗ ಹಾಕಿಕೊಂಡರೆ ಅರ್ಧ ರೋಗ ಅಲ್ಲೇ ವಾಸಿ.

ರಮಝಾನ್ ಬಂದಾಗ ಇನ್ನೊಂದು ಬಗೆಯ ವಿಡಿಯೊ ಹರಿದಾಡುತ್ತದೆ. ಸಹರಿ ಬಿಟ್ಟು, ಉಪವಾಸದಲ್ಲೇ ಭಾರ ಎತ್ತಿದರೆ ಕೊಬ್ಬು ಬೇಗ ಕರಗುತ್ತದಂತೆ. ಹೊತ್ತು ಮುಳುಗುವ ತನಕ ನೀರು ಕುಡಿಯಲಾಗದ ಮಗು ಬೆವರು ಸುರಿಸಿದರೆ ತಲೆಸುತ್ತಿ ಬೀಳಬಹುದು. ಆ ತಿಂಗಳು ನಡಿಗೆ, ಹಗುರ ಕಸರತ್ತು ಸಾಕು, ಅದೂ ಇಫ್ತಾರ್ ಆದ ಮೇಲೆ.

ಈ ವಾರ ಒಂದು ಸಂಜೆ ಮಗ ಅಥವಾ ಮಗಳ ಪಕ್ಕ ಕುಳಿತು, ಅವರಿಗೆ ಇಷ್ಟವಾದ ಒಂದು ಫಿಟ್‌ನೆಸ್ ವಿಡಿಯೊ ಜೊತೆಯಾಗಿ ನೋಡಿ. ಗೇಲಿ ಮಾಡಬೇಡಿ, ಉಪದೇಶವೂ ಬೇಡ. ಮೇಲಿನ ಮೂರು ಪ್ರಶ್ನೆಗಳನ್ನು ಅವರೇ ಕೇಳಿಕೊಳ್ಳಲಿ, ಉತ್ತರವನ್ನೂ ಅವರೇ ಹುಡುಕಲಿ. ಒಳ್ಳೆಯ ವಿಡಿಯೊ ಸಿಕ್ಕರೆ ನಾಳೆಯಿಂದ ನೀವೂ ಅವರೊಂದಿಗೆ ಆ ಕಸರತ್ತು ಮಾಡಿ. ನಮ್ಮ ಮೊಣಕಾಲುಗಳಿಗೂ ಅದರ ಅಗತ್ಯವಿದೆ.