ಬೀಗ ಒಡೆಯುವ ಮುನ್ನ

ಉಬುಂಟುವಿನಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸ ಹೊರಟಾಗ ‘ಬೀಗ ದೊರೆಯಲಿಲ್ಲ’ ಎಂಬರ್ಥದ ಸೂಚನೆ ಕಂಡರೆ, ಬೀಗದ ಕಡತವನ್ನೇ ಅಳಿಸಿಹಾಕುವವರುಂಟು. ಇದು ಅಪಾಯದ ಹಾದಿ. ಸಾಮಾನ್ಯವಾಗಿ ಆಗ ಗಣಕವು ತನ್ನ ಭದ್ರತಾ ಪರಿಷ್ಕರಣೆಯನ್ನು ತಾನೇ ನಡೆಸುತ್ತಿರುತ್ತದೆ. ಒಂದೇ ಖಾತೆ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಏಕಕಾಲಕ್ಕೆ ಬರೆದರೆ ಲೆಕ್ಕದ ಗತಿ ಏನಾದೀತು? ಹಾಗಾಗದಿರಲೆಂದೇ ಈ ಬೀಗ. ಕೆಲಕಾಲ ಕಾಯಿರಿ, ಕೆಲಸ ಮುಗಿದೊಡನೆ ಅದು ತಾನಾಗಿ ತೆರೆಯುತ್ತದೆ.

ನಡುವೆ ವಿದ್ಯುತ್ತು ಹೋಗಿ ಸ್ಥಾಪನೆ ಅರ್ಧಕ್ಕೆ ನಿಂತಿದ್ದರೆ ಮದ್ದು ಬೇರೆ. ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಆಜ್ಞೆಯು, ಬಿಚ್ಚಿಟ್ಟು ಜೋಡಿಸದೆ ಉಳಿದವುಗಳನ್ನು ಜೋಡಿಸುತ್ತದೆ. ಬೇಕಾದ ಪೂರಕ ಭಾಗಗಳೇ ಇಲ್ಲದಿದ್ದರೆ ‘ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಅವನ್ನು ತರಿಸಿಕೊಡುತ್ತದೆ. ಈ ಮದ್ದುಗಳ ಹೆಸರು ಪರದೆಯ ಸೂಚನೆಯಲ್ಲಿಯೇ ಇರುತ್ತದೆ. ಅದನ್ನು ಕೊನೆಯವರೆಗೆ ಓದುವವರೇ ವಿರಳ.