ಒಂದೇ ಇಂಜೆಕ್ಷನ್ ಸಾಕೇ?

ಹಲಸಂಗಿಯಲ್ಲಿರಲಿ, ಇಂಡಿಯಲ್ಲಿರಲಿ, ಲಿಂಬೆ ತೋಟದಲ್ಲಿ ಬರಿಗಾಲಲ್ಲಿ ನಡೆದವರಿಗೆ ಮುಳ್ಳು ಚುಚ್ಚುವುದು ಹೊಸದೇನಲ್ಲ. ನೀವಾದರೆ 'ಅಯ್ಯೋ' ಎಂದು ಕೂಗಿ ಕಿತ್ತೆಸೆಯುತ್ತೀರಿ. ಆದರೆ ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವ ಅಜ್ಜನಿಗೆ ಮುಳ್ಳು ಚುಚ್ಚಿದ್ದೇ ತಿಳಿಯದಿರಬಹುದು. ಏಕೆ ಗೊತ್ತೇ? ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದ ನರಗಳು ಮಂದವಾಗುತ್ತವೆ. ರಕ್ತನಾಳಗಳು ಕಿರಿದಾಗುತ್ತವೆ. ಗಾಯ ಮುಚ್ಚುವ ಕೋಶಗಳಿಗೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳೂ ಸೋಲುತ್ತವೆ. ಎಂಟು ದಿನಗಳಲ್ಲಿ ಮಾಯಬೇಕಾದ ಗಾಯ ತಿಂಗಳುಗಟ್ಟಲೆ ಉಳಿಯುತ್ತದೆ. ಕೆಲವೊಮ್ಮೆ ಕಾಲನ್ನೇ ಕತ್ತರಿಸಬೇಕಾಗುತ್ತದೆ.

"ಇದಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ ಬಂದಿದೆ, ಒಂದೇ ಇಂಜೆಕ್ಷನ್ ಸಾಕು" ಎಂಬಂಥ ಜಾಹೀರಾತು ಮೊಬೈಲಿನಲ್ಲಿ ನಿಮ್ಮ ಕಣ್ಣಿಗೂ ಬಿದ್ದೀತು. ನಂಬಬಹುದೇ? ಸದ್ಯಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಆ ವಿಜ್ಞಾನವೇ ಸುಳ್ಳು ಎಂದು ತಿಳಿಯಬೇಡಿ.

ಸ್ಟೆಮ್ ಸೆಲ್ ಎಂದರೆ ಆಕರ ಕೋಶ. ಅದು ತನ್ನಂಥದೇ ಕೋಶಗಳನ್ನು ಹುಟ್ಟಿಸಬಲ್ಲದು, ಬೇರೆ ಬಗೆಯ ಕೋಶವಾಗಿಯೂ ಬೆಳೆಯಬಲ್ಲದು. ನಿಮ್ಮ ರಕ್ತಕಣಗಳೆಲ್ಲ ಅಸ್ಥಿಮಜ್ಜೆಯ ಆಕರ ಕೋಶಗಳಿಂದಲೇ ಬಂದವು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ಮಧುಮೇಹದಲ್ಲಿ, ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹವೇ ನಾಶ ಮಾಡಿಬಿಡುತ್ತದೆ. ಆಕರ ಕೋಶಗಳಿಂದ ಅಂಥ ಕೋಶಗಳನ್ನು ಬೆಳೆಸಿ ರೋಗಿಗಳಿಗೆ ಕೊಟ್ಟ ಪರೀಕ್ಷೆಯೊಂದರ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಪೂರ್ಣ ಪ್ರಮಾಣ ಪಡೆದ 12 ಮಂದಿಯಲ್ಲಿ 10 ಮಂದಿಗೆ ಒಂದು ವರ್ಷದ ನಂತರ ಇನ್ಸುಲಿನ್ ಚುಚ್ಚುಮದ್ದೇ ಬೇಕಾಗಲಿಲ್ಲ! ಆದರೆ ಹೊಸ ಕೋಶಗಳನ್ನೂ ದೇಹ ಕೊಲ್ಲದಂತೆ ಅವರು ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಸೇವಿಸುತ್ತಿರಬೇಕು. ಆಗ ಸಣ್ಣ ಸೋಂಕೂ ದೊಡ್ಡದಾಗಬಹುದು. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಕಾಣುವ ಮಧುಮೇಹವಂತೂ ಬೇರೆಯೇ ಬಗೆಯದು.

ಇನ್ನು ಗಾಯದ ಮಾತು. ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯ ಕೋಶಗಳಿಂದ ಒಂದು ಔಷಧ ತಯಾರಿಸಿತು. 2016ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಅದಕ್ಕೆ ಸೀಮಿತ ಒಪ್ಪಿಗೆ ಕೊಟ್ಟರು. ಯಾವುದಕ್ಕೆ? ಬರ್ಗರ್ ಕಾಯಿಲೆಯಿಂದ ರಕ್ತ ಹರಿಯದೆ ಕೊಳೆಯುವ ಹಂತಕ್ಕೆ ಬಂದ ಕಾಲಿಗೆ. ಬೀಡಿ ಸಿಗರೇಟು ಸೇದುವವರನ್ನೇ ಹೆಚ್ಚಾಗಿ ಹಿಡಿಯುವ ಕಾಯಿಲೆ ಅದು. (ಬೀಡಿ ಬಿಡುವುದಕ್ಕೆ ಯಾರ ಒಪ್ಪಿಗೆಯೂ ಬೇಡ!) ಒಂದು ಕಾಯಿಲೆಗೆ ಸಿಕ್ಕ ಒಪ್ಪಿಗೆ ಎಲ್ಲ ಗಾಯಗಳಿಗೂ ಸಿಕ್ಕಂತಲ್ಲ. ಇದನ್ನೇ ಜಾಹೀರಾತುಗಳು ಮುಚ್ಚಿಡುತ್ತವೆ.

ಅಲ್ಲಿಯವರೆಗೆ ಏನು ಮಾಡಬೇಕು? ಬಗ್ಗಲಾಗದ ಅಜ್ಜನ ಅಂಗಾಲನ್ನು ದಿನವೂ ನೀವೇ ನೋಡಿ. ಚಪ್ಪಲಿಯನ್ನು ಒದರಿ ಕೊಡಿ. ಸ್ನಾನದ ನೀರಿನ ಬಿಸಿಯನ್ನು ಮೊದಲು ನೀವು ನೋಡಿ, ಅವರ ಪಾದಕ್ಕೆ ಅದು ತಿಳಿಯದು. ಗಾಯ ಕಂಡರೆ ಬೂದಿ, ಸುಣ್ಣ ಹಚ್ಚದೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲು ಹೇಳಿ.

ಇನ್ನೊಂದು ವಿಷಯ. ಆಕರ ಕೋಶಗಳ ಪರೀಕ್ಷೆಗೆ ಒಳಗಾಗುವ ರೋಗಿಯಿಂದ ಹಣ ಪಡೆಯುವಂತಿಲ್ಲ ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ. 'ಹೊಸ ಪ್ರಯೋಗ' ಎಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ, ಮನೆಯವರು ಎಮ್ಮೆ ಮಾರುವ ಮೊದಲು ಈ ಪುಟವನ್ನು ಅವರಿಗೆ ಓದಿ ಹೇಳಿ.