ಐಟಿ ವಿನಾಯಿತಿ: ಷರತ್ತುಗಳ ಲೆಕ್ಕ ಎಲ್ಲಿ?



ಐಟಿ ಕಂಪನಿಗಳು ಉದ್ಯೋಗಿಗಳನ್ನು ಮನೆಗೆ ಕಳಿಸಿದ ಸುದ್ದಿ ಬಂದಾಗಲೆಲ್ಲ ಚರ್ಚೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಕೃತಕ ಬುದ್ಧಿಮತ್ತೆ ಕೆಲಸ ನುಂಗಿತೇ, ಅಮೆರಿಕದ ಮಾರುಕಟ್ಟೆ ಕುಸಿಯಿತೇ, ಕಂಪನಿಗೆ ಕರುಣೆ ಇಲ್ಲವೇ ಎಂದೆಲ್ಲ ಕೇಳುತ್ತೇವೆ. ರಾಜ್ಯ ಸರ್ಕಾರವನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಅದೂ ತನಗೆ ಸಂಬಂಧವಿಲ್ಲವೆಂಬಂತೆ ದೂರ ಕೂತಿರುತ್ತದೆ. ಸಂಬಂಧ ಖಂಡಿತ ಇದೆ. ಮಾಹಿತಿ ತಂತ್ರಜ್ಞಾನ, ಬಿಪಿಒ, ಸ್ಟಾರ್ಟ್‌ಅಪ್, ಆನಿಮೇಷನ್, ಗೇಮಿಂಗ್, ಟೆಲಿಕಾಂ ಮುಂತಾದ ‘ಜ್ಞಾನಾಧಾರಿತ’ ಉದ್ಯಮಗಳಿಗೆ 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳ) ಕಾಯ್ದೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಐದು ವರ್ಷದ ಮಟ್ಟಿಗೆ ಅಧಿಸೂಚನೆ ಹೊರಡಿಸಿದ್ದು ಕರ್ನಾಟಕ ಸರ್ಕಾರ. 2019ರಲ್ಲಿ ಅದನ್ನು ಮತ್ತೆ ಐದು ವರ್ಷ ವಿಸ್ತರಿಸಲಾಯಿತು, 2024ರ ಜೂನ್‌ನಲ್ಲಿ ಇನ್ನೂ ಐದು ವರ್ಷ. ವಿನಾಯಿತಿ ಕೊಡಬಾರದಿತ್ತೆಂಬ ವಾದವನ್ನು ಸದ್ಯಕ್ಕೆ ಬದಿಗಿಡೋಣ. ಅದನ್ನು ಕೊಡುವಾಗ ಸರ್ಕಾರವೇ ಹಾಕಿದ ನಾಲ್ಕು ಷರತ್ತುಗಳು ಏನಾದವು ಎಂಬ ಲೆಕ್ಕವನ್ನು ಅದು ಜನರಿಗೆ ಒಪ್ಪಿಸಬೇಕು ಎಂಬುದಷ್ಟೇ ಈ ಪತ್ರದ ವಾದ.

ಮೊದಲು ಈ ಕಾಯ್ದೆ ಏನು ಹೇಳುತ್ತಿತ್ತು ನೋಡಬೇಕು. ಕೆಲಸದ ಪಾಳಿ, ರಜೆ, ಕೆಲಸದಿಂದ ತೆಗೆಯುವಾಗ ಕೊಡಬೇಕಾದ ನೋಟಿಸ್, ಯಾವುದು ದುರ್ನಡತೆ, ಅದರ ವಿಚಾರಣೆ ಹೇಗೆ, ದೂರು ಯಾರಿಗೆ ಕೊಡಬೇಕು ಎಂಬುದನ್ನೆಲ್ಲ ಮಾಲೀಕರು ಬರೆದಿಡಬೇಕಿತ್ತು. ಕಾರ್ಮಿಕರ ಅಹವಾಲು ಕೇಳಿದ ಬಳಿಕ ಅಧಿಕಾರಿಯೊಬ್ಬರು ಅದನ್ನು ಪ್ರಮಾಣೀಕರಿಸಬೇಕಿತ್ತು. ವಿಚಾರಣೆ ಬಾಕಿ ಇಟ್ಟು ಅಮಾನತು ಮಾಡಿದರೆ ಮೊದಲ 90 ದಿನ ಅರ್ಧ ವೇತನ, ಆಮೇಲೂ ಕಾರ್ಮಿಕರ ತಪ್ಪಿಲ್ಲದೆ ವಿಚಾರಣೆ ಎಳೆದಾಡಿದರೆ ಮುಕ್ಕಾಲು ವೇತನ ಜೀವನಾಧಾರ ಭತ್ಯೆಯಾಗಿ ಸಿಗಬೇಕಿತ್ತು. ಇದರಲ್ಲಿ ಸಂಬಳ ಇಷ್ಟೇ ಇರಬೇಕು, ಯಾರನ್ನೂ ತೆಗೆಯಬಾರದು ಎಂಬ ಮಾತೇ ಇರಲಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವವರು ತಮ್ಮ ನಿಯಮವನ್ನು ಮೊದಲೇ ಹೇಳಿ, ಅದಕ್ಕೆ ಬದ್ಧರಾಗಿರಿ ಎನ್ನುವಷ್ಟು ಸರಳವಾದ ಕಾನೂನು ಇದಾಗಿತ್ತು. ವಿನಾಯಿತಿ ಕೊಡುವ ಅಧಿಕಾರವೂ ಇದೇ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿತ್ತು. ಹಾಗಾಗಿ ಸರ್ಕಾರ ಮಾಡಿದ್ದು ಕಾನೂನುಬಾಹಿರ ಎಂದು ನಾನು ಹೇಳುತ್ತಿಲ್ಲ.

ಇನ್ನು ಆ ಷರತ್ತುಗಳು. ಒಂದು, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ಎರಡು, ಮಾಲೀಕರು ಮತ್ತು ಉದ್ಯೋಗಿಗಳ ಸಮಾನ ಪ್ರತಿನಿಧಿಗಳಿರುವ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಮೂರು, ಅಮಾನತು, ವಜಾ, ಹಿಂಬಡ್ತಿಯಂಥ ಶಿಸ್ತುಕ್ರಮಗಳನ್ನು ಕಾರ್ಮಿಕ ಅಧಿಕಾರಿಗಳಿಗೆ ತಿಳಿಸಬೇಕು. ನಾಲ್ಕು, ಸೇವಾ ಷರತ್ತುಗಳ ಬಗ್ಗೆ ಇಲಾಖೆ ಕೇಳಿದ ಮಾಹಿತಿಯನ್ನು ಸಕಾಲಕ್ಕೆ ಒದಗಿಸಬೇಕು. ಮೇಲ್ನೋಟಕ್ಕೆ ಬಿಗಿಯಾಗಿಯೇ ಕಾಣುತ್ತವೆ. ಆದರೆ 10 ಅಥವಾ ಹೆಚ್ಚು ಮಂದಿ ದುಡಿಯುವ ಯಾವುದೇ ಸಂಸ್ಥೆಗೆ ಆಂತರಿಕ ಸಮಿತಿ 2013ರ ಕಾಯ್ದೆಯಿಂದಲೇ ಕಡ್ಡಾಯ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕೆಂದು ಕೈಗಾರಿಕಾ ವಿವಾದಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯೇ ಹೇಳಿತ್ತು. ಅಂದರೆ ಹೇಗಿದ್ದರೂ ಪಾಲಿಸಲೇಬೇಕಾದ ಎರಡು ಕಾನೂನುಗಳನ್ನು ಪಾಲಿಸಿ, ಪ್ರತಿಫಲವಾಗಿ ಮೂರನೆಯದರಿಂದ ಬಿಡುಗಡೆ ಪಡೆಯಿರಿ ಎಂದಂತಾಯಿತು. ವಿನಾಯಿತಿಗೆ ನಿಜವಾದ ಬೆಲೆ ಅಂತ ಉಳಿದದ್ದು ಮೂರನೆಯ ಮತ್ತು ನಾಲ್ಕನೆಯ ಷರತ್ತು ಮಾತ್ರ.

ಮೂರನೆಯ ಷರತ್ತು ಎಲ್ಲಿ ಸೋರುತ್ತದೆ ಎಂಬುದು ಐಟಿಯಲ್ಲಿ ನಾಲ್ಕು ದಿನ ಕೆಲಸ ಮಾಡಿದವರಿಗೂ ಗೊತ್ತು. ಈ ಉದ್ಯಮದಲ್ಲಿ ‘ವಜಾ’ ಎಂಬುದು ಅಪರೂಪ, ನಡೆಯುವುದೆಲ್ಲ ‘ರಾಜೀನಾಮೆ’. ಎಚ್‌ಆರ್ ವಿಭಾಗದವರು ಸಣ್ಣ ಕೊಠಡಿಗೋ ವಿಡಿಯೊ ಕರೆಗೋ ಕರೆಯುತ್ತಾರೆ. ನೀವಾಗಿಯೇ ರಾಜೀನಾಮೆಯ ಇಮೇಲ್ ಕಳಿಸಿದರೆ ಒಂದೆರಡು ತಿಂಗಳ ಸಂಬಳ ಮತ್ತು ಶುದ್ಧವಾದ ರಿಲೀವಿಂಗ್ ಲೆಟರ್; ಇಲ್ಲವಾದರೆ ಟರ್ಮಿನೇಷನ್ ಎಂಬ ಆಯ್ಕೆ ಮುಂದಿಡುತ್ತಾರೆ. ಮುಂದಿನ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ ಆ ಒಂದು ಪದ ಏನು ಮಾಡುತ್ತದೆಂದು ಬಲ್ಲವರು, ಮನೆ ಸಾಲದ ಕಂತು ಕಟ್ಟುತ್ತಿರುವವರು, ಇಮೇಲ್ ಕಳಿಸಿಯೇ ಹೊರಬರುತ್ತಾರೆ. ರಾಜೀನಾಮೆ ಶಿಸ್ತುಕ್ರಮವಲ್ಲ, ಆದ್ದರಿಂದ ಇಲಾಖೆಗೆ ತಿಳಿಸುವ ಅಗತ್ಯವೂ ಬೀಳುವುದಿಲ್ಲ. ಸಾವಿರ ಮಂದಿ ಹೋದರೂ ಕಡತದಲ್ಲಿ ಒಬ್ಬರೂ ಹೋಗಿರುವುದಿಲ್ಲ. ಇನ್ನು ನಾಲ್ಕನೆಯ ಷರತ್ತು ಜೀವ ಪಡೆಯಬೇಕಾದರೆ ಇಲಾಖೆ ಮೊದಲು ಬಾಯಿ ಬಿಟ್ಟು ಕೇಳಬೇಕು. ಕೇಳಲೇಬೇಕು, ಕೇಳಿದ್ದನ್ನು ಪ್ರಕಟಿಸಲೇಬೇಕು ಎಂಬ ಕಟ್ಟುಪಾಡು ನಾಲ್ಕರಲ್ಲಿ ಯಾವುದರಲ್ಲೂ ಇಲ್ಲ.

ಹೀಗಾದಾಗ ಆಗುವ ನಷ್ಟವೇನೆಂದು 2025ರ ಫೆಬ್ರುವರಿಯಲ್ಲಿ ಮೈಸೂರಿನಲ್ಲಿ ಕಂಡೆವು. ಇನ್ಫೋಸಿಸ್ ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ತರಬೇತಿ ನಿರತರನ್ನು ಕಳಿಸಲಾಯಿತು. ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶ ಕೊಟ್ಟರೂ ತೇರ್ಗಡೆಯಾಗದವರನ್ನು ಒಪ್ಪಂದದಂತೆ ಬಿಡಲಾಗಿದೆ ಎಂದು ಕಂಪನಿ ಹೇಳಿತು. ಒತ್ತಡ ಹೇರಿ ಹೊರಹಾಕಲಾಗಿದೆ ಎಂದು ಉದ್ಯೋಗಿಗಳ ಪರ ಸಂಘಟನೆ ದೂರಿತು. ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯಕ್ಕೆ ಪತ್ರ ಬರೆದ ಮೇಲೆ ನಮ್ಮ ಅಧಿಕಾರಿಗಳು ಕ್ಯಾಂಪಸ್‌ಗೆ ಹೋದರು. ಯಾರ ಮಾತು ಸರಿ ಎಂದು ನಾನು ತೀರ್ಪು ಕೊಡಲಾರೆ. ಆದರೆ ತರಬೇತಿಯಲ್ಲಿರುವವರ ಸ್ಥಾನಮಾನವೇನು, ಅವರನ್ನು ಬಿಡುವ ಕ್ರಮವೇನು ಎಂಬುದನ್ನು ಪ್ರಮಾಣೀಕೃತ ಸ್ಥಾಯಿ ಆದೇಶ ಮೊದಲೇ ನಿಗದಿ ಮಾಡಿದ್ದರೆ, ಅಧಿಕಾರಿಗಳು ಅದನ್ನು ಮುಂದಿಟ್ಟುಕೊಂಡು ನಡೆದದ್ದನ್ನು ತಾಳೆ ನೋಡಬಹುದಿತ್ತು. ಕಂಪನಿ ತಪ್ಪಿಲ್ಲದೆ ನಡೆದುಕೊಂಡಿದ್ದರೆ ಅದರ ಹೆಸರೂ ಉಳಿಯುತ್ತಿತ್ತು.

ಉದ್ಯಮದ ಪರವಾಗಿ ಮೊದಲು ಕೇಳಿಬರುವ ಮಾತು ‘ಬಿಗಿ ಮಾಡಿದರೆ ಬಂಡವಾಳ ಹೈದರಾಬಾದಿಗೋ ವಿಶಾಖಪಟ್ಟಣಕ್ಕೋ ಹೋಗುತ್ತದೆ’ ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ, ನೆರೆ ರಾಜ್ಯಗಳ ಸಚಿವರು ಬಹಿರಂಗವಾಗಿಯೇ ಇಲ್ಲಿನ ಕಂಪನಿಗಳನ್ನು ಕರೆಯುತ್ತಿದ್ದಾರೆ. ಆದರೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದಕ್ಕೆ ಇಲ್ಲಿ ಸಿಕ್ಕಿದ್ದು ಎಂಜಿನಿಯರುಗಳು. ಅವರ ಹಿಂದೆ ಭಾರತೀಯ ವಿಜ್ಞಾನ ಸಂಸ್ಥೆ, ಎಚ್‌ಎಎಲ್, ಬಿಇಎಲ್, ಇಸ್ರೊ ಇದ್ದವು. ಇಂದಿಗೂ ಕಂಪನಿಗಳು ಬೆಂಗಳೂರನ್ನು ದೂರುವಾಗ ಮೊದಲು ಬರುವುದು ರಸ್ತೆಗುಂಡಿ ಮತ್ತು ಸಂಚಾರ ದಟ್ಟಣೆ, ಸ್ಥಾಯಿ ಆದೇಶವಲ್ಲ. ಐಟಿ ನೌಕರರು ಸಂಘ ಕಟ್ಟಲು ಯಾವ ಕಾನೂನಿನ ಅಡ್ಡಿಯೂ ಇಲ್ಲ ಎಂದು ತಮಿಳುನಾಡು ಸರ್ಕಾರ 2016ರಲ್ಲಿ ಸ್ಪಷ್ಟಪಡಿಸಿತು. ಚೆನ್ನೈನ ಕಂಪನಿಗಳೇನೂ ಗಂಟುಮೂಟೆ ಕಟ್ಟಲಿಲ್ಲ. ಅಷ್ಟಕ್ಕೂ ಸಾಫ್ಟ್‌ವೇರ್ ರಫ್ತಿಗೆ ಕೇಂದ್ರ ಕೊಡುತ್ತಿದ್ದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ (ಎಸ್‌ಟಿಪಿಐ) ತೆರಿಗೆ ರಜೆ 2011ರ ಮಾರ್ಚ್‌ಗೆ ಮುಗಿಯಿತು. ವಿಶೇಷ ಆರ್ಥಿಕ ವಲಯದ ಸೌಲಭ್ಯ ಬೇರೆ ಮಾತು, ಆದರೂ ಕೂಸಿಗೆ ಕೊಡುವ ಆಸರೆ ಬೆಳೆದವನಿಗೆ ಬೇಡ ಎಂಬ ತತ್ವ ಅಲ್ಲಿ ನಡೆಯಿತು. ಖಜಾನೆಗೆ ಹೊರೆಯಾಗುವ ರಿಯಾಯಿತಿಗೆ ಗಡುವು ಇತ್ತು. ನೌಕರರ ಹೆಗಲ ಮೇಲಿನ ರಿಯಾಯಿತಿಗೆ ಮಾತ್ರ ಗಡುವು ಬಂದಾಗಲೆಲ್ಲ ವಿಸ್ತರಣೆ.

ಎರಡನೆಯ ಆಕ್ಷೇಪ, ಲಕ್ಷಗಟ್ಟಲೆ ಸಂಬಳ ಎಣಿಸುವವರಿಗೆ ಕಾರ್ಮಿಕ ಕಾನೂನಿನ ರಕ್ಷಣೆ ಯಾಕೆ ಎಂಬುದು. ಕೈಗಾರಿಕಾ ವಿವಾದಗಳ ಕಾಯ್ದೆಯ ‘ಕಾರ್ಮಿಕ’ ವ್ಯಾಖ್ಯೆಯಲ್ಲಿ ತಾಂತ್ರಿಕ ಕೆಲಸವೂ ಇತ್ತು. ವೇತನದ ಮಿತಿ ಇದ್ದದ್ದು ಮೇಲ್ವಿಚಾರಣೆಯ ಹುದ್ದೆಗಳಿಗೆ. ಮೇಲಾಗಿ ಈ ವಿನಾಯಿತಿಯ ಕೊಡೆಯ ಕೆಳಗೆ ರಾತ್ರಿ ಪಾಳಿಯ ಕಾಲ್ ಸೆಂಟರ್ ಉದ್ಯೋಗಿ, ಡೇಟಾ ಎಂಟ್ರಿಯವರು, ಮೊದಲ ಕೆಲಸ ಹಿಡಿದ ಪದವೀಧರರು ಎಲ್ಲರೂ ಇದ್ದಾರೆ. ಮೂರನೆಯದು, ಗಿರಣಿ ಕಾಲದ ಕಾನೂನು ಈ ಉದ್ಯಮಕ್ಕೆ ಹೊಂದುವುದಿಲ್ಲ ಎಂಬ ವಾದ. ಇದರಲ್ಲಿ ಹುರುಳಿದೆ. ಆದರೆ ಹಳೆಯ ಅಂಗಿ ಬಿಗಿಯಾಯಿತೆಂದರೆ ಹೊಸದು ಹೊಲಿಸಬೇಕೇ ಹೊರತು ಬರಿಮೈಯಲ್ಲಿ ಬಿಡುವುದಲ್ಲ. ಸೇವಾ ವಲಯಕ್ಕೆಂದೇ ಕೇಂದ್ರ 2020ರ ಕೊನೆಯಲ್ಲಿ ಪ್ರಕಟಿಸಿದ ಮಾದರಿ ಸ್ಥಾಯಿ ಆದೇಶದ ಕರಡಿನಲ್ಲಿ ಮನೆಯಿಂದ ಕೆಲಸ, ಐಟಿ ವಲಯದ ಕೆಲಸದ ವೇಳೆ ಎರಡಕ್ಕೂ ಜಾಗವಿತ್ತು. ಕಾಲಕ್ಕೆ ತಕ್ಕ ನಿಯಮ ಬರೆಯುವುದು ಸಾಧ್ಯವೆಂದು ಅದೇ ಹೇಳುತ್ತದೆ.

ಲೆಕ್ಕ ಕೇಳದೆ ವಿನಾಯಿತಿ ವಿಸ್ತರಿಸುವ ಈ ಚಾಳಿಯ ಬೇರು ಯಾವುದೋ ಒಂದು ಪಕ್ಷದಲ್ಲಿಲ್ಲ. 2014 ಮತ್ತು 2024ರಲ್ಲಿ ಕಾಂಗ್ರೆಸ್, 2019ರಲ್ಲಿ ಜೆಡಿಎಸ್-ಕಾಂಗ್ರೆಸ್ ಮೈತ್ರಿ ವಿಧಾನಸೌಧದಲ್ಲಿದ್ದವು. ಕಾರ್ಖಾನೆಗಳಲ್ಲಿ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಒಯ್ಯಲು ಅವಕಾಶ ಕೊಡುವ ಮಸೂದೆಗೆ 2023ರ ಫೆಬ್ರುವರಿಯಲ್ಲಿ ಅಂಗೀಕಾರ ಪಡೆದದ್ದು ಬಿಜೆಪಿ ಸರ್ಕಾರ. ಬೇರು ಇರುವುದು ಯಾರ ಮಾತು ಎಷ್ಟು ಬೇಗ ಮುಟ್ಟುತ್ತದೆ ಎಂಬುದರಲ್ಲಿ. 2024ರ ಜುಲೈ ತಿಂಗಳೊಂದನ್ನೇ ನೋಡಿ. ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ 15ರಂದು ಒಪ್ಪಿಗೆ ಕೊಟ್ಟಿತು. ಐಟಿ ಉದ್ಯಮದ ಸಂಘಟನೆ ನಾಸ್‌ಕಾಂ ಮತ್ತು ಉದ್ಯಮಿಗಳು ಆಕ್ಷೇಪವೆತ್ತಿದರು. 17ರಂದು ಅದನ್ನು ತಡೆಹಿಡಿಯಲಾಯಿತು. ಆ ಮಸೂದೆ ಒಳ್ಳೆಯದೋ ಕೆಟ್ಟದ್ದೋ ಇಲ್ಲಿ ಅಪ್ರಸ್ತುತ. ಅದೇ ತಿಂಗಳು ಐಟಿ ನೌಕರರ ಕೆಲಸದ ವೇಳೆಯನ್ನು 12 ಗಂಟೆಗೂ ಮೀರಿ ಹಿಗ್ಗಿಸುವ ಪ್ರಸ್ತಾವ ಬಂತು. ಇದು ನಮ್ಮ ಯೋಚನೆಯಲ್ಲ, ಉದ್ಯಮದ ಒತ್ತಡದಿಂದ ಬಂದದ್ದು ಎಂದು ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರೇ ಹೇಳಿದರು. ಉದ್ಯಮದ ಮಾತಿಗೆ ಎರಡು ದಿನ ಸಾಕು. ವಿನಾಯಿತಿ ಬೇಡವೆಂದು ಐಟಿ ನೌಕರರ ಸಂಘಟನೆ ಕೆಐಟಿಯು ವರ್ಷಗಳಿಂದ ಹೇಳುತ್ತಿರುವುದಕ್ಕೆ ಸಿಕ್ಕ ಉತ್ತರ ಇನ್ನೊಂದು ಅಧಿಸೂಚನೆ.

ಈಗ ಈ ವಿಷಯ ಎತ್ತಲು ಕಾರಣವಿದೆ. 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂತು; 1946ರ ಕಾಯ್ದೆಯ ಜಾಗದಲ್ಲಿ ಈಗ ಅದರದೇ ಅಧ್ಯಾಯವಿದೆ. ಸ್ಥಾಯಿ ಆದೇಶ ಕಡ್ಡಾಯವಾಗುವುದು 300 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಮಾತ್ರ ಎಂದು ಮಿತಿಯನ್ನು ಆಗಲೇ ಏರಿಸಲಾಗಿದೆ, ಅಂದರೆ ಎಷ್ಟೋ ಸಣ್ಣ ಕಂಪನಿಗಳು ತಾವಾಗಿಯೇ ಹೊರಗುಳಿದವು. ದೊಡ್ಡವರಿಗೂ ವಿನಾಯಿತಿ ಕೊಡುವ ಅಧಿಕಾರ ಹೊಸ ಸಂಹಿತೆಯಲ್ಲಿ ಸರ್ಕಾರದ ಕೈಯಲ್ಲೇ ಇದೆ. ಹಳೆಯ ಅಧಿಸೂಚನೆಯ ಪದಗಳನ್ನೇ ಹೊಸ ಕಾಗದಕ್ಕೆ ಇಳಿಸುವ ಮುನ್ನ ಕಾರ್ಮಿಕ ಇಲಾಖೆ ವಿಧಾನಮಂಡಲದ ಮುಂದೆ ಇಷ್ಟನ್ನು ಇಡಲಿ: 2014ರಿಂದ ಈವರೆಗೆ ಎಷ್ಟು ಕಂಪನಿಗಳು ವಿನಾಯಿತಿ ಪಡೆದಿವೆ, ಎಷ್ಟರ ಕುಂದುಕೊರತೆ ಸಮಿತಿಯಲ್ಲಿ ಉದ್ಯೋಗಿಗಳ ಪ್ರತಿನಿಧಿಗಳಿದ್ದಾರೆ, ಅವರನ್ನು ಆರಿಸಿದವರು ಯಾರು, ಎಷ್ಟು ಶಿಸ್ತುಕ್ರಮಗಳು ವರದಿಯಾದವು, ಇಲಾಖೆ ಎಷ್ಟು ಬಾರಿ ಮಾಹಿತಿ ಕೇಳಿತು. ಎಚ್‌ಆರ್ ಮುಂದೆ ಬರೆಸಿಕೊಂಡ ರಾಜೀನಾಮೆಗಳೂ ವರದಿಯಾಗಬೇಕೆಂದು ಮೂರನೆಯ ಷರತ್ತನ್ನು ತಿದ್ದಲಿ. ಲೆಕ್ಕ ಚೊಕ್ಕವಾಗಿದ್ದರೆ ವಿನಾಯಿತಿಯನ್ನು ಸಮರ್ಥಿಸಿಕೊಳ್ಳಲು ಸರ್ಕಾರಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಬೇಡ. ಲೆಕ್ಕವೇ ಇಲ್ಲ ಎಂದಾದರೆ ಷರತ್ತು ಪಾಲನೆಯಾಗದ ವಿನಾಯಿತಿಯನ್ನು ಹಿಂಪಡೆಯುವುದು ಸರ್ಕಾರದ ಕರ್ತವ್ಯ.

ಇಂತಿ,
ಓದುಗ, ಬೆಂಗಳೂರು